ನಾಡ್ಯೂಲ್, ಲಂಪ್, ಗಂಟು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ಮೇಲೆ ನನ್ನ ಮನೆ ಜಗಲಿಗೆ ಬರುವ ಕಾಗದಗಳೇ ಬೇರೆಯಾದವು. ಮೊದಲು ಉತ್ತರ ಪತ್ರಿಕೆ ಬರುತ್ತಿತ್ತು. ಈಗ ಸ್ಕ್ಯಾನಿಂಗ್ ರಿಪೋರ್ಟು ಬರುತ್ತದೆ, ಪಶು ಆಸ್ಪತ್ರೆಯ ಚೀಟಿ ಬರುತ್ತದೆ, ಮೊಮ್ಮಕ್ಕಳ ವಿಜ್ಞಾನದ ಪುಸ್ತಕ ಬರುತ್ತದೆ. "ಇದೊಂದು ಪದ ಓದಿ ಹೇಳಿ ಮೇಷ್ಟ್ರೇ" ಅನ್ನುತ್ತಾರೆ. ಆ ಒಂದು ಪದ ಎಷ್ಟೋ ಸಲ ನಾಡ್ಯೂಲ್ ಆಗಿರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಎದುರಿಗೆ ಕೂತು ಕೇಳಿದ್ದು, ಕಾಗದ ಬರೆದು ಕೇಳಿದ್ದು, ನನ್ನ ಹಳೆಯ ಬರಹಗಳನ್ನು ಓದಿ ಕೇಳಿದ್ದು, ಎಲ್ಲ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ.

## ಮೊದಲು ಕೇಳುವವು

ನಾಡ್ಯೂಲ್ ಅಂದ್ರೆ ಎಂತ ಮೇಷ್ಟ್ರೇ? ಒಂದೇ ಮಾತಲ್ಲಿ ಹೇಳಿ.

ಸಣ್ಣ ಗಂಟು. ಅಷ್ಟೇ.

ಸ್ವಲ್ಪ ಬಿಡಿಸಿ ಹೇಳುವುದಾದರೆ, ಸುತ್ತಲಿನ ಭಾಗಕ್ಕಿಂತ ಬೇರೆಯಾಗಿ, ಹೆಚ್ಚುಕಡಿಮೆ ಉರುಟಾಗಿ, ಗಟ್ಟಿಯಾಗಿ ಇರುವ ಚಿಕ್ಕ ಉಬ್ಬು. ಅದು ಮನುಷ್ಯರ ಕುತ್ತಿಗೆಯಲ್ಲಿ ಇರಬಹುದು, ಹುರುಳಿ ಗಿಡದ ಬೇರಿನಲ್ಲಿ ಇರಬಹುದು, ಸಮುದ್ರದ ತಳದಲ್ಲೂ ಇರಬಹುದು. ಗಾತ್ರ ಮತ್ತು ಆಕಾರ ನೋಡಿ ಇಟ್ಟ ಹೆಸರು ಇದು. ಒಳಗೆ ಏನಿದೆ ಅನ್ನುವುದನ್ನು ಈ ಪದ ಹೇಳುವುದಿಲ್ಲ. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ. ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇದೆ.

ನೋಡ್ಯೂಲ್ ಅನ್ಬೇಕಾ, ನಾಡ್ಯೂಲ್ ಅನ್ಬೇಕಾ?

ನಾಡ್ಯೂಲ್. ಮೊದಲ ಅಕ್ಷರಕ್ಕೆ ಒತ್ತು. ಅಮೆರಿಕದವರು ನಾಜೂಲ್ ಅಂದ ಹಾಗೆ ಕೇಳಿಸುತ್ತದೆ. ಅದೂ ತಪ್ಪಲ್ಲ. ಆದರೆ ಇದರ ದೊಡ್ಡಣ್ಣನಂಥ ಇನ್ನೊಂದು ಪದವಿದೆ, ಅದನ್ನು ಮಾತ್ರ ನೋಡ್ ಅಂತ ಎಳೆದು ಹೇಳಬೇಕು. ಗೊಂದಲ ಆಗುವುದು ಅಲ್ಲೇ. ಗುಣವಾಚಕ ಬೇಕಾದಾಗ ನಾಡ್ಯುಲರ್ ಅನ್ನಿ. ಅಂದರೆ ಗಂಟುಗಂಟಾದ, ಗಂಟಿನಂಥ.

ರಿಪೋರ್ಟಲ್ಲಿ ನಾಡ್ಯೂಲ್ ಅಂತ ಬರೆದಿದಾರೆ. ಕ್ಯಾನ್ಸರ್ ಅಂತ ಅರ್ಥಾನಾ?

ಅಲ್ಲ. ಈ ಪದಕ್ಕೆ ಆ ಅರ್ಥ ಇಲ್ಲ.

ಈ ಪ್ರಶ್ನೆ ನನ್ನ ಮನೆಯಲ್ಲೇ ಮೊದಲು ಬಂದದ್ದು. ಹೊಸನಗರದ ಕಡೆ ಕೊಟ್ಟಿರುವ ನನ್ನ ಅಕ್ಕ ಕುತ್ತಿಗೆಯ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದಿದ್ದರು. ರಿಪೋರ್ಟನ್ನು ಲಕೋಟೆಯಲ್ಲಿ ಹಾಕಿ ಕೈಗೆ ಕೊಟ್ಟರಂತೆ. ಏನು ಅಂತ ಕೇಳಿದರೆ "ನಾಡ್ಯೂಲ್ ಇದೆ, ಡಾಕ್ಟರಿಗೆ ತೋರಿಸಿ" ಅಂದರಂತೆ. ಡಾಕ್ಟರು ಸಿಕ್ಕಿದ್ದು ನಾಲ್ಕು ದಿನ ಬಿಟ್ಟು. ಆ ನಾಲ್ಕು ರಾತ್ರಿಯೂ ಅಕ್ಕ ನಿದ್ದೆ ಮಾಡಲಿಲ್ಲ. ಮಕ್ಕಳಿಗೆ ಯಾರಿಗೆ ಯಾವ ಬಳೆ ಅಂತ ಹಂಚುವ ಮಾತು ಶುರು ಮಾಡಿದ್ದರು. "ಸಣ್ಣ ಗಂಟು ಇದೆ, ಅದು ಯಾವ ಥರದ್ದು ಅಂತ ಇನ್ನೂ ನೋಡಬೇಕು" ಎಂದು ಒಂದು ಮಾತು ಕನ್ನಡದಲ್ಲಿ ಹೇಳಿದ್ದರೆ ಆಗುತ್ತಿತ್ತು. ನನಗೆ ಅದು ಇವತ್ತಿಗೂ ಬೇಜಾರು.

ಥೈರಾಯ್ಡ್‌ನಲ್ಲಿ ಗಂಟು ಕಾಣಿಸುವುದು ತುಂಬ ಸಾಮಾನ್ಯ. ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ ಜಾಸ್ತಿ. ಅಂಥ 100 ಗಂಟುಗಳಲ್ಲಿ 90ಕ್ಕೂ ಹೆಚ್ಚು ಕ್ಯಾನ್ಸರ್ ಅಲ್ಲದವು. ಸ್ಕ್ಯಾನಿಂಗ್ ಮಾಡುವವರು ಗಂಟಿನ ಅಂಚು, ಆಕಾರ, ಒಳಗಿನ ತುಂಬುವಿಕೆ ಎಲ್ಲ ನೋಡಿ 1ರಿಂದ 5ರ ವರೆಗೆ ಒಂದು ದರ್ಜೆ ಕೊಡುತ್ತಾರೆ. ಅದಕ್ಕೆ ಟೈರ್ಯಾಡ್ಸ್ ಅನ್ನುತ್ತಾರೆ. ಸಂಖ್ಯೆ ಏರಿದಷ್ಟೂ ಅನುಮಾನ ಜಾಸ್ತಿ ಅಂತ ಲೆಕ್ಕ. ಬೇಕು ಅನಿಸಿದರೆ ತೆಳು ಸೂಜಿ ಹಾಕಿ ಒಂದಿಷ್ಟು ಕಣ ತೆಗೆದು ಪರೀಕ್ಷೆ ಮಾಡುತ್ತಾರೆ. ಒಳಗೆ ಏನಿದೆ ಅಂತ ಹೇಳುವುದು ಆ ಪರೀಕ್ಷೆ.

ಹಾಗಂತ ಸುಮ್ನೆ ಕೂರುವುದೂ ಸರಿಯಲ್ಲ. ಗಂಟು ಬೇಗ ಬೇಗ ದೊಡ್ಡದಾಗುತ್ತಿದ್ದರೆ, ಸ್ವರ ಬದಲಾಗಿ ಹಾಗೇ ಉಳಿದರೆ, ನುಂಗಲು ಕಷ್ಟವಾದರೆ ತಡ ಮಾಡಬೇಡಿ. ಎದೆಯಲ್ಲಿ ಹೊಸದಾಗಿ ಗಂಟು ಕೈಗೆ ಸಿಕ್ಕರೆ ಅದು ನೋವಿಲ್ಲದಿದ್ದರೂ ತೋರಿಸಲೇಬೇಕು. ನೋವಿಲ್ಲ ಅಂತ ಮುಂದಕ್ಕೆ ಹಾಕಿದವರನ್ನು ನಾನು ಕಂಡಿದ್ದೇನೆ.

ಲಂಪ್ ಅಂದ್ರೂ ಅದೇ, ನಾಡ್ಯೂಲ್ ಅಂದ್ರೂ ಅದೇ ಅಲ್ವಾ?

ವಸ್ತು ಒಂದೇ ಇರಬಹುದು, ಆದರೆ ಹೇಳುವವರು ಬೇರೆ. ಲಂಪ್ ಮನೆಮಾತು. ರೋಗಿ ತನ್ನ ಕೈಗೆ ಸಿಕ್ಕಿದ್ದನ್ನು ಲಂಪ್ ಅನ್ನುತ್ತಾನೆ. ಡಾಕ್ಟರು ಅದನ್ನೇ ಅಳೆದು, ನೋಡಿ, ಕಾಗದದ ಮೇಲೆ ನಾಡ್ಯೂಲ್ ಅಂತ ಬರೆಯುತ್ತಾರೆ.

ಇನ್ನೊಂದು ವ್ಯತ್ಯಾಸ ಗಾತ್ರದ್ದು. ಲಂಪಿಗೆ ಗಾತ್ರದ ಕಟ್ಟಿಲ್ಲ. ಸಕ್ಕರೆಯ ಚಿಕ್ಕ ಗಟ್ಟಿಯೂ ಲಂಪ್, ಕುಂಬಾರ ಚಕ್ರದ ಮೇಲೆ ಹಾಕುವ ಮಣ್ಣಿನ ಮುದ್ದೆಯೂ ಲಂಪ್. ನಾಡ್ಯೂಲ್ ಯಾವಾಗಲೂ ಚಿಕ್ಕದು. ಆಕಾರವೂ ಹಾಗೇ. ಲಂಪ್ ಸೊಟ್ಟಪಟ್ಟ ಇರಬಹುದು, ನಾಡ್ಯೂಲ್ ಉರುಟು. ಹಾಗಾಗಿ ಎಲ್ಲ ನಾಡ್ಯೂಲನ್ನೂ ಲಂಪ್ ಅನ್ನಬಹುದು. ಎಲ್ಲ ಲಂಪನ್ನೂ ನಾಡ್ಯೂಲ್ ಅನ್ನಲು ಬರುವುದಿಲ್ಲ.

## ಅದೇ ಅರ್ಥದ ಬೇರೆ ಪದಗಳು

ಬಂಪ್, ನಾಬ್, ನಬ್, ಕ್ಲಾಟ್, ಕ್ಲಾಡ್... ಇಂಗ್ಲಿಷಲ್ಲಿ ಇಷ್ಟೊಂದು ಯಾಕೆ? ಯಾವುದು ಎಲ್ಲಿ?

ನಮ್ಮಲ್ಲಿ ಕಡಿಮೆ ಇವೆಯಾ? ಗಂಟು, ಗಡ್ಡೆ, ಉಂಡೆ, ಮುದ್ದೆ, ಹೆಂಟೆ, ಹೆಪ್ಪು, ಗುಳ್ಳೆ, ಬುಗುಟು, ಬಾವು, ಕುರು. ಕೂತು ಬರೆದರೆ ಎರಡು ಪುಟ ಆಗುತ್ತದೆ. ಇಂಗ್ಲಿಷಿನ ಪದವನ್ನು ಬಾಯಿಪಾಠ ಮಾಡುವ ಬದಲು ನಮ್ಮ ಪದದ ಪಕ್ಕ ಇಟ್ಟು ನೋಡಿ. ಥಟ್ಟನೆ ಹಿಡಿತಕ್ಕೆ ಬರುತ್ತದೆ.

ಮಗು ಬಾಗಿಲಿಗೆ ತಲೆ ಹೊಡೆದುಕೊಂಡು ಹಣೆ ಮೇಲೆ ಬುಗುಟು ಬಂತಲ್ಲ, ಅದು ಬಂಪ್. ರಸ್ತೆಯ ಉಬ್ಬೂ ಬಂಪೇ. ಆಗುಂಬೆ ರಸ್ತೆಯಲ್ಲಿ ಹೋಗುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಲ ಉತ್ತ ಮೇಲೆ ಒಡೆಯದೆ ಉಳಿಯುವ ಮಣ್ಣಿನ ಹೆಂಟೆ ಕ್ಲಾಡ್. ಹೆಪ್ಪುಗಟ್ಟಿದ ರಕ್ತ ಕ್ಲಾಟ್. ಕ್ಲಾಡ್ ಮತ್ತು ಕ್ಲಾಟ್ ಹಳೆಯ ಇಂಗ್ಲಿಷಿನಲ್ಲಿ ಒಂದೇ ಪದವಾಗಿದ್ದವು. ಆಮೇಲೆ ಮಣ್ಣಿಗೆ ಒಂದು, ರಕ್ತಕ್ಕೆ ಒಂದು ಅಂತ ಪಾಲಾದವು. ನಮ್ಮಲ್ಲಿ ಹೆಂಟೆ ಮತ್ತು ಹೆಪ್ಪು ಎರಡಕ್ಕೂ ಸಂಬಂಧವಿಲ್ಲ. ಹಾಲಿಗೆ ಹೆಪ್ಪು ಹಾಕುತ್ತೇವೆ, ಮಣ್ಣಿಗೆ ಹಾಕುವುದಿಲ್ಲ.

ನಾಬ್ ಅಂದರೆ ಹಿಡಿಯಲು ಬರುವ ಉರುಟು ಗುಬುಟು. ಹಳೆಯ ರೇಡಿಯೋದ ತಿರುಗಣೆ, ಬಾಗಿಲ ಹಿಡಿ. ನಬ್ ಅಂದರೆ ಉಪಯೋಗಿಸಿ ಉಪಯೋಗಿಸಿ ಉಳಿದ ಮೋಟು. ನಮ್ಮ ಶಾಲೆಯಲ್ಲಿ ಮಕ್ಕಳು ಮೋಟು ಪೆನ್ಸಿಲಿಗೆ ಹಳೆಯ ಪೆನ್ನಿನ ಕೊಳವೆ ಸಿಕ್ಕಿಸಿ ಬರೆಯುತ್ತಿದ್ದರು, ಆ ಮೋಟೇ ನಬ್. ಇದಕ್ಕೆ ಇನ್ನೊಂದು ಅರ್ಥವೂ ಇದೆ. ಒಂದು ವಿಷಯದ ನಬ್ ಅಂದರೆ ಅದರ ತಿರುಳು, ಅಸಲು ಮಾತು.

ನಾಬ್ ಬರೆಯುವಾಗ ಮುಂದೆ ಕೆ ಅಕ್ಷರ ಇದೆ, ಆದರೆ ಬಾಯಲ್ಲಿ ಬರುವುದಿಲ್ಲ. ಕಟ್ಟುವ ಗಂಟಿಗೆ ಹೇಳುವ ನಾಟ್, ಬೆರಳ ಗೆಣ್ಣಿಗೆ ಹೇಳುವ ನಕಲ್, ಸಣ್ಣ ದಿಬ್ಬಕ್ಕೆ ಹೇಳುವ ನೋಲ್, ಎಲ್ಲಕ್ಕೂ ಅದೇ ಕೆ ಇದೆ. ಹಿಂದೆ ಇಂಗ್ಲಿಷರು ಅದನ್ನು ಉಚ್ಚರಿಸುತ್ತಿದ್ದರು, 17ನೇ ಶತಮಾನದ ಹೊತ್ತಿಗೆ ಬಿಟ್ಟುಬಿಟ್ಟರು. ಎಲ್ಲವೂ ಉಬ್ಬಿದ, ಉರುಟಾದ ವಸ್ತುಗಳೇ ಅನ್ನುವುದನ್ನು ಗಮನಿಸಿ. ಕಾಗುಣಿತ ನೆನಪಿಡಲು ಮಕ್ಕಳಿಗೆ ನಾನು ಹೇಳಿಕೊಡುತ್ತಿದ್ದದ್ದು ಹೀಗೆ.

ಉಪ್ಪಿಟ್ಟು ಗಂಟಾಯ್ತು ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಹೇಳೋದು? ಅಲ್ಲಿ ನಾಡ್ಯೂಲ್ ಬರುತ್ತಾ?

ಬರುವುದಿಲ್ಲ. ಅಡುಗೆಮನೆಯಲ್ಲಿ ಲಂಪ್ ಮಾತ್ರ. ಉಪ್ಪಿಟ್ಟು ಗಂಟುಗಂಟಾದರೆ ಲಂಪಿ. ರಾಗಿ ಹಿಟ್ಟು ಕುದಿಯುವ ನೀರಿಗೆ ಬಿದ್ದು ಒಳಗೆ ಹಸಿ ಹಿಟ್ಟು ಉಳಿದು ಗಂಟಾಗುತ್ತದಲ್ಲ, ಅದೂ ಲಂಪ್. ಗಂಟಾಗಲು ಕಾರಣ ಇಷ್ಟೇ. ಹಿಟ್ಟಿನ ಹೊರಗಿನ ಪದರ ಬಿಸಿಗೆ ಕೂಡಲೇ ಬೆಂದು ಅಂಟಾಗುತ್ತದೆ, ನೀರು ಒಳಗೆ ಹೋಗುವ ದಾರಿ ಮುಚ್ಚುತ್ತದೆ. ಅದಕ್ಕೇ ನಮ್ಮ ಅಮ್ಮ ಸ್ವಲ್ಪ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿ ಹಾಕುತ್ತಿದ್ದರು.

ಆದರೆ ಮುದ್ದೆಯನ್ನು ಲಂಪ್ ಅಂತ ಅನುವಾದ ಮಾಡಬೇಡಿ. ಲಂಪ್ ಅನ್ನುವ ಪದಕ್ಕೆ ಅಡುಗೆಯಲ್ಲಿ ಒಂದು ಬೇಡದ ವಾಸನೆ ಇದೆ. ಬಯಸಿ ಕಟ್ಟಿದ ಉರುಟಿಗೆ ಬಾಲ್ ಅನ್ನಬೇಕು. ಚಿಗಳಿ ಉಂಡೆ, ಬೆಣ್ಣೆ ಉಂಡೆ, ರಾಗಿ ಮುದ್ದೆ ಎಲ್ಲ ಆ ಲೆಕ್ಕಕ್ಕೆ ಸೇರುತ್ತವೆ. ಕಡುಬಿಗೆ ಕಡುಬು ಅಂತಲೇ ಬರೆಯಿರಿ. ಬೆಲ್ಲದ ಅಚ್ಚಿಗೆ ಲಂಪ್ ಸರಿ. ನಮ್ಮ ಜೋನಿಬೆಲ್ಲಕ್ಕೆ ಇದ್ಯಾವ ಪದವೂ ಹೊಂದುವುದಿಲ್ಲ, ಅದು ಹರಿಯುವ ಪದಾರ್ಥ.

ಇಂಗ್ಲೆಂಡಿನ ಅಡುಗೆ ಪುಸ್ತಕದಲ್ಲಿ ಶುಂಠಿಗೆ ನಾಬ್ ಅಂತ ಬರೆದಿರುತ್ತಾರೆ. ಶುಂಠಿಯ ಒಂದು ಕವಲು ತುಂಡು ಅಂತ ಅರ್ಥ. ನಾಬ್ ಬೆಣ್ಣೆ ಅಂತ ಇದ್ದರೆ ನೆಲ್ಲಿಕಾಯಿ ಗಾತ್ರದ ಬೆಣ್ಣೆ ಅಂದುಕೊಳ್ಳಿ. ಅವರಿಗೂ ಅಲ್ಲಿ ಅಳತೆಯ ಚಮಚ ಇಲ್ಲ, ಕಣ್ಣಂದಾಜು.

ಬ್ಯಾಂಕಿನವರು ಲಂಪ್‌ಸಮ್ ಅಂತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ?

ಇದೆ. ಚೂರು ಚೂರಾಗಿ ಕೊಡದೆ ಒಂದೇ ಮುದ್ದೆಯಾಗಿ ಕೊಡುವ ದುಡ್ಡು ಲಂಪ್‌ಸಮ್. ಕನ್ನಡದಲ್ಲಿ ಇದಕ್ಕೆ ಎಷ್ಟು ಚೆನ್ನಾದ ಪದ ಇದೆ ನೋಡಿ, ಇಡಿಗಂಟು. ಅಡಿಕೆ ಮಂಡಿಯಲ್ಲಿ ಲೆಕ್ಕ ಚುಕ್ತಾ ಆದಾಗ ಬರುವುದು ಇಡಿಗಂಟು. ಪಿಂಚಣಿಯವರಿಗೂ ಅದೇ ಪದ. ಇಲ್ಲಿ ಗಂಟು ಅಂದರೆ ಬಟ್ಟೆಯಲ್ಲಿ ಕಟ್ಟಿಟ್ಟ ಹಣ. ಗಂಟುಮೂಟೆ ಕಟ್ಟು, ಅಪ್ಪನ ಮನೆ ಗಂಟೇನು ಹೋಗುತ್ತದೆ ಅನ್ನುವಾಗಲೂ ಅದೇ ಗಂಟು. ಲಂಪ್‌ಸಮ್ ಅನ್ನುವುದನ್ನು ಬಿಟ್ಟು ಇಡಿಗಂಟು ಅನ್ನಿ ಅಂತ ನಾನು ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ಅರ್ಥ ಆಗದವರು ಯಾರೂ ಇಲ್ಲ.

ಗಂಟಲಲ್ಲಿ ಲಂಪ್ ಬಂತು ಅಂತ ಕತೆಯಲ್ಲಿ ಓದಿದೆ. ಅವಳಿಗೆ ಕಾಯಿಲೆಯಾ?

ಅಲ್ಲ, ದುಃಖ. ಅಳು ತಡೆದುಕೊಂಡಾಗ ಗಂಟಲಲ್ಲಿ ಏನೋ ಸಿಕ್ಕಿದ ಹಾಗೆ ಆಗುತ್ತದಲ್ಲ, ಅದು. ಕನ್ನಡದಲ್ಲಿ ಗಂಟಲು ಕಟ್ಟಿತು, ಗಂಟಲುಬ್ಬಿ ಬಂತು ಅನ್ನುತ್ತೇವೆ. "ಗಂಟಲಲ್ಲಿ ಗಂಟು ಬಂತು" ಅಂತ ಅನುವಾದ ಮಾಡಿದರೆ ಓದುವವರು ಆಸ್ಪತ್ರೆಯ ಕಡೆ ನೋಡುತ್ತಾರೆ.

ನೋಡ್ ಅಂದ್ರೂ ಗಂಟೇ ಅಂತ ಮಗಳ ಪುಸ್ತಕದಲ್ಲಿದೆ. ಹಾಗಾದ್ರೆ ನಾಡ್ಯೂಲ್ ಯಾಕೆ ಬೇಕು?

ನೋಡ್ ಇರಲೇಬೇಕಾದ ಗಂಟು. ನಾಡ್ಯೂಲ್ ಹೆಚ್ಚಾಗಿ ನಡುವೆ ಬಂದು ಸೇರಿಕೊಂಡ ಗಂಟು.

ಕಬ್ಬಿನ ಗೆಣ್ಣು, ಬಿದಿರಿನ ಗೆಣ್ಣು ನೋಡ್. ಎಲೆ, ಮೊಗ್ಗು ಹೊರಡುವುದು ಅಲ್ಲಿಂದ. ಕಾಳುಮೆಣಸಿನ ಬಳ್ಳಿ ನೆಡುವಾಗ ಎರಡು ಮೂರು ಗೆಣ್ಣು ಇರುವ ತುಂಡು ಕತ್ತರಿಸುತ್ತೇವಲ್ಲ, ಯಾಕೆ? ಬೇರು ಒಡೆಯುವುದೇ ಗೆಣ್ಣಿನಲ್ಲಿ. ನಮ್ಮ ಮೈಯಲ್ಲೂ ಹಾಗೆ ಇರಲೇಬೇಕಾದ ಸಣ್ಣ ಕಾಳಿನಂಥವು ನೂರಾರು ಇವೆ. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಜಾಸ್ತಿ. ಅವಕ್ಕೆ ಲಿಂಫ್ ನೋಡ್ ಅನ್ನುತ್ತಾರೆ. ಕಾಲಿಗೆ ಗಾಯವಾಗಿ ಕೀವಾದರೆ ತೊಡೆಸಂದಿಯಲ್ಲಿ ಗಡ್ಡೆ ಕಟ್ಟಿದ ಹಾಗೆ ನೋಯುವುದು ಇದೇ. ಪುಸ್ತಕದ ನೋಡಿಗೆ ಗೆಣ್ಣು ಅನ್ನುವ ಪದ ಇರುವಾಗ ಗಂಟು ಅಂತ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಗೆಣ್ಣು ಅಂದರೆ ಮಲೆನಾಡಿನ ಮಗುವಿಗೆ ಕಣ್ಣ ಮುಂದೆ ಬಿದಿರು ಬರುತ್ತದೆ.

## ತೋಟ, ಕೊಟ್ಟಿಗೆ

ಬೇರಲ್ಲಿ ಗಂಟು ಇದ್ರೆ ಒಳ್ಳೇದು ಅಂತ ಶಾಲೇಲಿ ಹೇಳ್ತಾರೆ, ರೋಗ ಅಂತ ಅಂಗಡಿಯವ್ರು ಹೇಳ್ತಾರೆ. ಯಾರದ್ದು ಸರಿ?

ಇಬ್ಬರದ್ದೂ ಸರಿ. ತಪ್ಪು ನಮ್ಮ ಪದದ್ದು. ಎರಡು ಬೇರೆ ಬೇರೆ ವಸ್ತುಗಳಿಗೆ ಬೇರುಗಂಟು ಅಂತ ಒಂದೇ ಹೆಸರು ಇಟ್ಟುಬಿಟ್ಟಿದ್ದೇವೆ. ಇಂಗ್ಲಿಷಿನಲ್ಲಿ ಒಂದು ರೂಟ್ ನಾಡ್ಯೂಲ್, ಇನ್ನೊಂದು ರೂಟ್ ನಾಟ್. ಅಲ್ಲಿ ಗೊಂದಲ ಇಲ್ಲ.

ರೂಟ್ ನಾಡ್ಯೂಲ್ ಒಳ್ಳೆಯದು. ಅಲಸಂದೆ, ಹುರುಳಿ, ಉದ್ದು, ಹೆಸರು, ಶೇಂಗಾ, ಹಸಿರುಗೊಬ್ಬರದ ಸೆಣಬು ಇಂಥ ದ್ವಿದಳ ಗಿಡಗಳ ಬೇರಿನಲ್ಲಿ ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಆ ಮನೆಯೇ ಗಂಟು. ಗಾಳಿಯ 100 ಭಾಗದಲ್ಲಿ 78 ಭಾಗ ಸಾರಜನಕ ಇದೆ, ಆದರೆ ಗಿಡಕ್ಕೆ ಅದನ್ನು ನೇರವಾಗಿ ತಿನ್ನಲು ಬರುವುದಿಲ್ಲ. ಈ ಬ್ಯಾಕ್ಟೀರಿಯಾ ಅದನ್ನು ಹಿಡಿದು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತವೆ. ಬದಲಿಗೆ ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಗದ್ದೆ ಕೊಯ್ಲಾದ ಮೇಲೆ ಹುರುಳಿ, ಉದ್ದು ಬಿತ್ತುವ ಹಿರಿಯರ ಲೆಕ್ಕಾಚಾರದ ಹಿಂದೆ ಇದೇ ಇದೆ. ಅವರು ರೈಜೋಬಿಯಂ ಹೆಸರು ಕೇಳಿರಲಿಲ್ಲ. ಮಣ್ಣು ಚೆನ್ನಾಗುತ್ತದೆ ಅನ್ನುವುದು ಗೊತ್ತಿತ್ತು. ಗಂಟುಗಳೇ ಸಾರಜನಕ ಹಿಡಿಯುವ ಜಾಗ ಎಂದು ಹೆಲ್ರೀಗೆಲ್, ವಿಲ್ಫಾರ್ತ್ ಎಂಬ ಜರ್ಮನ್ ವಿಜ್ಞಾನಿಗಳು ತೋರಿಸಿದ್ದು 1886ರಲ್ಲಿ. ಎರಡು ವರ್ಷದ ಮೇಲೆ ಹಾಲೆಂಡಿನ ವಿಜ್ಞಾನಿ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನೇ ಬೇರ್ಪಡಿಸಿ ಬೆಳೆಸಿದರು.

ರೂಟ್ ನಾಟ್ ಕೆಟ್ಟದ್ದು. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳು ಬೇರಿನೊಳಗೆ ಹೊಕ್ಕು ಮಾಡುವ ಗಂಟು. ಟೊಮೆಟೊ, ಬದನೆ, ಬಾಳೆ, ಶುಂಠಿ, ಕಾಳುಮೆಣಸು ಎಲ್ಲಕ್ಕೂ ಬರುತ್ತದೆ. ಮೆಣಸಿನ ಬಳ್ಳಿ ಹಳದಿಯಾಗಿ ನಿಧಾನಕ್ಕೆ ಸೊರಗಲು ಇದೂ ಒಂದು ಕಾರಣ.

ಗುರುತಿಸುವುದು ಕಷ್ಟವಲ್ಲ. ಗಿಡವನ್ನು ಎಳೆಯಬೇಡಿ, ಮಣ್ಣು ಸಮೇತ ಅಗೆದು ತೆಗೆದು ನೀರಿನಲ್ಲಿ ಬೇರು ತೊಳೆಯಿರಿ. ಗಂಟನ್ನು ಉಗುರಿನಿಂದ ದೂಡಿ. ಮಣಿ ಉದುರಿದ ಹಾಗೆ ಬೇರಿನ ಪಕ್ಕದಿಂದ ಕಳಚಿಕೊಂಡರೆ ಅದು ಒಳ್ಳೆಯ ನಾಡ್ಯೂಲ್. ಬೇರೇ ಊದಿಕೊಂಡು, ಕಳಚದೆ, ಕಿತ್ತರೆ ಬೇರೂ ತುಂಡಾದರೆ ಅದು ಜಂತುಹುಳುವಿನ ಗಂಟು. ಒಳ್ಳೆಯ ಗಂಟನ್ನು ಬ್ಲೇಡಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಕೆಲಸ ಮಾಡುತ್ತಿದೆ. ನಮ್ಮ ರಕ್ತದ ಕೆಂಪಿಗೆ ಕಾರಣವಾದ ಹಿಮೋಗ್ಲೋಬಿನ್ನಿನ ಹತ್ತಿರದ ನೆಂಟ ಅದರಲ್ಲಿದೆ. ಬೆಳ್ಳಗೆ ಅಥವಾ ಹಸಿರಾಗಿ ಇದ್ದರೆ ಕೆಲಸ ಇನ್ನೂ ಶುರುವಾಗಿಲ್ಲ, ಇಲ್ಲವೇ ಮುಗಿದಿದೆ. ಮೊದಲ ಸಲ ಆ ಕೆಂಪು ನೋಡಿದಾಗ ನನಗೆ 50 ದಾಟಿತ್ತು. ಇಷ್ಟು ವರ್ಷ ಪಠ್ಯದಲ್ಲಿ ಓದಿಸಿದವನು ಒಂದು ಗಿಡ ಕಿತ್ತು ನೋಡಿರಲಿಲ್ಲ ಅಂತ ತುಂಬ ನೊಂದುಕೊಂಡೆ.

ನನ್ನ ಸಲಹೆ: ಒಳ್ಳೆಯದಕ್ಕೆ ಬೇರುಗಂಟು ಅನ್ನಿ. ಕೆಟ್ಟದ್ದಕ್ಕೆ ಜಂತುಹುಳು ಗಂಟು ಅನ್ನಿ. ಒಂದೇ ಪದ ಸೇರಿಸಿದರೆ ಸಾಕು, ಉದ್ದಿನ ಗಿಡಕ್ಕೆ ಯಾರೂ ವಿಷ ಹಾಕುವುದಿಲ್ಲ.

ದನದ ಮೈಮೇಲೆ ಗಂಟು ಎದ್ದಿತ್ತು. ಡಾಕ್ಟ್ರು ಲಂಪಿ ಅಂದ್ರು, ಚೀಟೀಲಿ ನಾಡ್ಯೂಲ್ ಅಂತ ಬರೆದ್ರು. ಎರಡು ರೋಗಾನಾ?

ಒಂದೇ ರೋಗ. ರೋಗದ ಹೆಸರು ಲಂಪಿ ಸ್ಕಿನ್, ನಮ್ಮ ಚರ್ಮಗಂಟು ರೋಗ. ಚೀಟಿಯಲ್ಲಿ ಬರೆದದ್ದು ಲಕ್ಷಣ. ಚರ್ಮದ ಮೇಲೆ ಅರ್ಧ ಸೆಂಟಿಮೀಟರಿನಿಂದ 5 ಸೆಂಟಿಮೀಟರಿನ ವರೆಗಿನ ಗಂಟು ಎದ್ದಿವೆ ಅಂತ. ಹೆಸರಿಡುವಾಗ ಜನರ ಮಾತು ಲಂಪ್ ಬಂತು, ಪರೀಕ್ಷೆ ಮಾಡಿ ಬರೆಯುವಾಗ ನಾಡ್ಯೂಲ್ ಬಂತು. ಮೊದಲು ಹೇಳಿದ ವ್ಯತ್ಯಾಸ ಇಲ್ಲಿ ಒಂದೇ ಚೀಟಿಯಲ್ಲಿ ಕಾಣುತ್ತದೆ.

ಚರ್ಮಗಂಟು ಅನ್ನುವುದು ನಾನು ಕಂಡ ಒಳ್ಳೆಯ ಅನುವಾದಗಳಲ್ಲಿ ಒಂದು. ಕೊಟ್ಟಿಗೆಯಲ್ಲಿ ಕೆಲಸ ಮಾಡುವ ಅಜ್ಜಿಗೂ ಕೇಳಿದ ಕೂಡಲೇ ತಿಳಿಯುತ್ತದೆ. ಈ ರೋಗವನ್ನು ಮೊದಲು ಗುರುತಿಸಿದ್ದು 1929ರಲ್ಲಿ, ಈಗಿನ ಜಾಂಬಿಯಾದಲ್ಲಿ. ನಮ್ಮ ದೇಶದಲ್ಲಿ 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡಿತು. 2022ರಲ್ಲಿ ದೇಶದ ತುಂಬ ಹರಡಿತು. ವೈರಸ್ಸಿನಿಂದ ಬರುವ ರೋಗ ಇದು. ನೊಣ, ಸೊಳ್ಳೆ, ಉಣ್ಣಿ ಹರಡುತ್ತವೆ. ಜ್ವರ ಬರುತ್ತದೆ, ಹಾಲು ಇಳಿಯುತ್ತದೆ. ಮನುಷ್ಯರಿಗೆ ಅಂಟುವುದಿಲ್ಲ. ಲಸಿಕೆ ಇದೆ, ಹಾಕಿಸಿ. ಮಲೆನಾಡು ಗಿಡ್ಡ ಗಟ್ಟಿ ತಳಿ, ಅದಕ್ಕೆ ಏನೂ ಆಗುವುದಿಲ್ಲ ಅಂತ ಬಿಡಬೇಡಿ.

ಮರದ ಗಂಟಿಗೆ ನಾಡ್ಯೂಲ್ ಅನ್ನಬಹುದಾ?

ಬೇಡ. ಹಲಗೆಯಲ್ಲಿ ಕಾಣುವ ಗಂಟು ನಾಟ್. ಹಿಂದೆ ಕೊಂಬೆ ಹುಟ್ಟಿದ ಜಾಗ ಅದು. ಕಾಂಡ ದಪ್ಪವಾಗುತ್ತ ಹೋದ ಹಾಗೆ ಕೊಂಬೆಯ ಬುಡ ಒಳಗೆ ಸೇರಿಹೋಗುತ್ತದೆ. ಸಾಗರ, ಸೊರಬದ ಗುಡಿಗಾರರು ಗಂಧದ ತುಂಡನ್ನು ತಿರುಗಿಸಿ ತಿರುಗಿಸಿ ನೋಡುವುದು ಇದಕ್ಕೇ. ಗಂಟು ಇದ್ದ ಕಡೆ ಎಳೆ ದಿಕ್ಕು ಬದಲಿಸುತ್ತದೆ, ಉಳಿ ಜಾರುತ್ತದೆ.

## ಇನ್ನೂ ಆಳಕ್ಕೆ ಹೋದವರು ಕೇಳಿದ್ದು

ಪ್ಯಾಪ್ಯೂಲ್, ನಾಡ್ಯೂಲ್, ಸಿಸ್ಟ್, ಮಾಸ್, ಟ್ಯೂಮರ್: ನರ್ಸಿಂಗ್ ಪರೀಕ್ಷೆಗೆ ಕನ್ನಡದಲ್ಲಿ ನೆನಪಿಡೋದು ಹೇಗೆ?

ಅಳತೆ ಮತ್ತು ಒಳಗಿನ ತುಂಬುವಿಕೆ, ಎರಡರಿಂದ ಹಿಡಿಯಿರಿ.

ಚರ್ಮದ ಮೇಲೆ ಸುಮಾರು 1 ಸೆಂಟಿಮೀಟರಿಗಿಂತ ಚಿಕ್ಕ ಗಟ್ಟಿ ಉಬ್ಬು ಪ್ಯಾಪ್ಯೂಲ್. ಅದಕ್ಕಿಂತ ದೊಡ್ಡದಾಗಿ, ಆಳಕ್ಕೆ ಇಳಿದು, ಬೆರಳಿಗೆ ಉರುಟಾಗಿ ಸಿಕ್ಕರೆ ನಾಡ್ಯೂಲ್. ಕೆಲವು ಪುಸ್ತಕ ಅರ್ಧ ಸೆಂಟಿಮೀಟರಿಗೇ ಗೆರೆ ಎಳೆಯುತ್ತವೆ, ನಿಮ್ಮ ಪಠ್ಯದಲ್ಲಿ ಇರುವುದನ್ನೇ ಬರೆಯಿರಿ. ಶ್ವಾಸಕೋಶದಲ್ಲಿ ಲೆಕ್ಕ ಬೇರೆ. ಅಲ್ಲಿ 3 ಸೆಂಟಿಮೀಟರಿನ ವರೆಗೆ ನಾಡ್ಯೂಲ್, ದಾಟಿದರೆ ಮಾಸ್. ಸಿಸ್ಟ್ ಅಂದರೆ ಒಳಗೆ ದ್ರವ ತುಂಬಿದ ಚೀಲ. ನೀರುಗಡ್ಡೆ ಅಂತ ಜನ ಹೇಳುವುದು ಇದನ್ನೇ.

ಟ್ಯೂಮರ್ ಅಂದರೆ ಲ್ಯಾಟಿನ್‌ನಲ್ಲಿ ಊತ. ಈಗ ವೈದ್ಯರು ಜೀವಕೋಶಗಳು ಲೆಕ್ಕ ತಪ್ಪಿ ಬೆಳೆದ ಗಡ್ಡೆಗೆ ಹೇಳುತ್ತಾರೆ. ಅದರಲ್ಲೂ ಅಪಾಯವಿಲ್ಲದ್ದು ಇದೆ, ಇರುವುದೂ ಇದೆ. ಮಾಸ್, ನಾಡ್ಯೂಲ್ ಇವೆಲ್ಲ ಹೊರಗಿನಿಂದ ಕಂಡದ್ದಕ್ಕೆ ಇಟ್ಟ ಹೆಸರು. ಸಿಸ್ಟ್, ಟ್ಯೂಮರ್ ಒಳಗಿನದ್ದನ್ನೂ ಸ್ವಲ್ಪ ಹೇಳುತ್ತವೆ.

ಟ್ಯೂಮರಿಗೂ ಗಡ್ಡೆ, ಆಲೂಗಡ್ಡೆಗೂ ಗಡ್ಡೆ. ಕನ್ನಡ ಬಡವಾಯ್ತಾ?

ಇಲ್ಲ. ಲ್ಯಾಟಿನ್ ಕೂಡ ಹೀಗೇ ಮಾಡಿದೆ. ಅಲ್ಲಿ ಟ್ಯೂಬರ್ ಅಂದರೆ ಉಬ್ಬು, ಗಡ್ಡೆ. ಆಲೂಗಡ್ಡೆಗೆ ಇಂಗ್ಲಿಷರು ಹೇಳುವ ಟ್ಯೂಬರ್ ಅದೇ. ಅದರ ಚಿಕ್ಕ ರೂಪ ಟ್ಯೂಬರ್ಕಲ್, ಪುಟ್ಟ ಗಡ್ಡೆ. ಕ್ಷಯ ಬಂದವರ ಶ್ವಾಸಕೋಶದಲ್ಲಿ ಇಂಥ ಪುಟ್ಟ ಗಡ್ಡೆಗಳು ಕಂಡವು. ಅದರಿಂದ ರೋಗಕ್ಕೆ ಟ್ಯೂಬರ್ಕ್ಯುಲೋಸಿಸ್ ಅಂತ ಹೆಸರಾಯಿತು. ನಾವು ಟಿಬಿ ಅನ್ನುವಾಗ ಮೊದಲ ಅಕ್ಷರದಲ್ಲಿ ಒಂದು ಗಡ್ಡೆ ಕೂತಿದೆ. ರಾಬರ್ಟ್ ಕಾಖ್ ಅದರ ಬ್ಯಾಕ್ಟೀರಿಯಾ ಕಂಡುಹಿಡಿದದ್ದು 1882ರಲ್ಲಿ. ಹೆಸರು ಅದಕ್ಕೂ ಹಳೆಯದು. ಕಾರಣ ಗೊತ್ತಾಗುವ ಮೊದಲು ಜನ ಕಂಡದ್ದು ಆಕಾರವನ್ನು.

ಕನ್ನಡದ ರೈತ ನೆಲದೊಳಗೆ ಊದಿದ್ದಕ್ಕೆ ಗಡ್ಡೆ ಅಂದ, ಮೈಯೊಳಗೆ ಊದಿದ್ದಕ್ಕೂ ಗಡ್ಡೆ ಅಂದ. ರೋಮಿನ ರೈತನಿಗೂ ಅದೇ ಹೊಳೆಯಿತು. ನನಗೆ ಇದು ತುಂಬ ಇಷ್ಟದ ವಿಷಯ. ಕೇಳಿದವರಿಗೆಲ್ಲ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಯಕ್ಷಗಾನದ ಭಾಗವತರೊಬ್ಬರಿಗೆ ಗಂಟಲಲ್ಲಿ ನಾಡ್ಯೂಲ್ ಅಂತೆ. ಹಾಡೋದು ನಿಲ್ಲಿಸ್ಬೇಕಾ?

ಪೂರ್ತಿ ನಿಲ್ಲಿಸಬೇಕು ಅಂತ ಹೆದರಬೇಡಿ ಅನ್ನಿ. ಜಾಸ್ತಿ ಹಾಡುವವರಿಗೆ, ಕೂಗಿ ಪಾಠ ಹೇಳುವ ಮೇಷ್ಟ್ರುಗಳಿಗೆ ಇದು ಬರುತ್ತದೆ. ಧ್ವನಿತಂತುಗಳು ಎರಡಿವೆ. ಹಾಡುವಾಗ ಅವು ಸೆಕೆಂಡಿಗೆ ನೂರಾರು ಸಲ ಒಂದಕ್ಕೊಂದು ತಾಗುತ್ತವೆ. ಒತ್ತಡ ಹಾಕಿ ಹಾಡಿದರೆ ತಾಗುವ ಜಾಗದಲ್ಲಿ ಎರಡೂ ಕಡೆ, ಎದುರುಬದುರಾಗಿ, ದಪ್ಪವಾಗುತ್ತದೆ. ಹಾರೆ ಹಿಡಿದ ಕೈ ಜಡ್ಡುಗಟ್ಟುತ್ತದಲ್ಲ, ಹಾಗೇ. ಅದಕ್ಕೆ ಇಲ್ಲಿ ನಾನು ಗಂಟು ಅನ್ನುವ ಬದಲು ಸ್ವರದ ಜಡ್ಡು ಅನ್ನುತ್ತೇನೆ. ಕಾರಣವೂ ಪದದೊಳಗೆ ಬರುತ್ತದೆ. ಇದು ಕ್ಯಾನ್ಸರ್ ಅಲ್ಲ. ಸ್ವರಕ್ಕೆ ವಿಶ್ರಾಂತಿ, ಚೆನ್ನಾಗಿ ನೀರು ಕುಡಿಯುವುದು, ಧ್ವನಿ ಚಿಕಿತ್ಸಕರ ಹತ್ತಿರ ಉಸಿರು ಮತ್ತು ಸ್ವರ ಬಳಸುವ ಅಭ್ಯಾಸ, ಹೆಚ್ಚಿನವರಿಗೆ ಇಷ್ಟರಲ್ಲೇ ಇಳಿಯುತ್ತದೆ. ಮೂರು ವಾರ ದಾಟಿದರೂ ಸ್ವರ ಒಡಕಲಾಗೇ ಇದ್ದರೆ ಯಾರೇ ಆಗಲಿ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕು.

ನಾಡ್ಯೂಲಿಗೆ ಗ್ರಂಥಿ ಅಂತ ಬರೀಬಹುದಾ? ಓದೋಕೆ ಘನವಾಗಿ ಕಾಣುತ್ತೆ.

ಬರೆಯಬೇಡಿ. ಸಂಸ್ಕೃತದಲ್ಲಿ ಗ್ರಂಥಿ ಅಂದರೆ ಗಂಟು, ನಿಜ. ಆದರೆ ನಮ್ಮ ಪಠ್ಯಗಳಲ್ಲಿ ಗ್ರಂಥಿ ಅಂದರೆ ರಸ ಸುರಿಸುವ ಅಂಗ, ಇಂಗ್ಲಿಷಿನ ಗ್ಲಾಂಡ್. ಥೈರಾಯ್ಡ್ ಸ್ವತಃ ಒಂದು ಗ್ರಂಥಿ. ಅದರೊಳಗಿನ ಗಂಟಿಗೂ ಗ್ರಂಥಿ ಅಂದರೆ "ಥೈರಾಯ್ಡ್ ಗ್ರಂಥಿಯಲ್ಲಿ ಗ್ರಂಥಿ ಇದೆ" ಅಂತ ಆಗುತ್ತದೆ. ಓದಿದವರು ಏನು ಅಂತ ತಿಳಿಯಬೇಕು? "ಥೈರಾಯ್ಡ್ ಗ್ರಂಥಿಯಲ್ಲಿ 8 ಮಿಲಿಮೀಟರಿನ ಒಂದು ಗಂಟು ಇದೆ" ಅನ್ನಿ. ಗಾತ್ರ ಹೇಳಿದರೆ ಅರ್ಧ ಭಯ ಹೋಗುತ್ತದೆ. ಹಾಗೇ ಗಳಗಂಡ ಅನ್ನುವ ಪದವನ್ನೂ ಇಲ್ಲಿ ತರಬೇಡಿ. ಅದು ಇಡೀ ಥೈರಾಯ್ಡ್ ಊದಿಕೊಂಡಾಗ ಹೇಳುವುದು.

ಕ್ಯಾಪ್ಸೂಲ್, ಮಾಡ್ಯೂಲ್, ನಾಡ್ಯೂಲ್: ಎಲ್ಲಕ್ಕೂ ಒಂದೇ ಬಾಲ ಯಾಕೆ?

ಆ ಬಾಲಕ್ಕೆ ಪುಟ್ಟದು ಅಂತ ಅರ್ಥ. ಲ್ಯಾಟಿನ್‌ನಲ್ಲಿ ಕ್ಯಾಪ್ಸ ಅಂದರೆ ಪೆಟ್ಟಿಗೆ, ಕ್ಯಾಪ್ಸೂಲ್ ಪುಟ್ಟ ಪೆಟ್ಟಿಗೆ. ಗ್ರಾನಂ ಅಂದರೆ ಕಾಳು, ಗ್ರಾನ್ಯೂಲ್ ನುಚ್ಚು. ಗ್ಲೋಬಸ್ ಗೋಳ, ಗ್ಲೋಬ್ಯೂಲ್ ಹನಿಯಂಥ ಪುಟ್ಟ ಗೋಳ. ನೋಡಸ್ ಅಂದರೆ ಹಗ್ಗದ ಗಂಟು, ನಾಡ್ಯೂಲ್ ಪುಟ್ಟ ಗಂಟು. ಕೊರಳಿಗೆ ಬಿಗಿಯುವ ಕುಣಿಕೆಗೆ ಹೇಳುವ ನೂಸ್ ಕೂಡ ಇದೇ ನೋಡಸ್‌ನಿಂದ ಬಂದದ್ದು. ಹಗ್ಗಕ್ಕೆ ಹಾಕುವ ಗಂಟೂ ಮೈಯಲ್ಲಿ ಏಳುವ ಗಂಟೂ ನಮಗೆ ಹೇಗೆ ಒಂದೇ ಪದವೋ, ಅವರಿಗೂ ಹಾಗೇ.

ಕಿರುಗಂಟು ಅಂತ ಹೊಸ ಪದ ಮಾಡೋಣ ಅಂತ ಒಬ್ಬರು ಬರೆದಿದ್ದರು. ಪದ ಚೆನ್ನಾಗಿದೆ, ಪಠ್ಯಪುಸ್ತಕಕ್ಕೆ ಸರಿ. ರೋಗಿಯ ಎದುರು ಮಾತ್ರ ಸಣ್ಣ ಗಂಟು ಅಂತಲೇ ಹೇಳಿ.

ಸಮುದ್ರದಲ್ಲಿ ನಾಡ್ಯೂಲ್ ಸಿಗುತ್ತೆ ಅಂತ ಸ್ಪರ್ಧಾ ಪರೀಕ್ಷೆಯ ಪುಸ್ತಕದಲ್ಲಿದೆ. ಅದೂ ಗಂಟೇನಾ?

ಅದೂ ಗಂಟೇ, ಖನಿಜದ್ದು. 4,000ದಿಂದ 6,000 ಮೀಟರ್ ಆಳದ ಸಮುದ್ರದ ತಳದಲ್ಲಿ ಆಲೂಗಡ್ಡೆಯಂಥ ಕಪ್ಪು ಉಂಡೆಗಳು ಹರಡಿಕೊಂಡಿವೆ. ಮ್ಯಾಂಗನೀಸ್, ಕಬ್ಬಿಣ, ಅದರ ಜೊತೆ ನಿಕ್ಕಲ್, ತಾಮ್ರ, ಕೋಬಾಲ್ಟ್ ಇರುತ್ತವೆ. ಮೀನಿನ ಹಲ್ಲಿನ ಚೂರೋ, ಚಿಪ್ಪಿನ ಚೂರೋ ನಡುವೆ ಇದ್ದು ಅದರ ಸುತ್ತ ಪದರ ಪದರವಾಗಿ ಕಟ್ಟುತ್ತದೆ. 10 ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. 1872ರಿಂದ 1876ರ ವರೆಗೆ ಲೋಕ ಸುತ್ತಿದ ಚಾಲೆಂಜರ್ ಹಡಗಿನವರು ಇವನ್ನು ಮೇಲೆ ತಂದರು. ಗವೇಷಣಿ ಎಂಬ ನಮ್ಮ ಹಡಗು 1981ರಲ್ಲಿ ಅರಬ್ಬೀ ಸಮುದ್ರದಿಂದ ಎತ್ತಿತು. ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೋಮೀಟರ್ ಜಾಗದಲ್ಲಿ ಇವನ್ನು ಹುಡುಕುವ ಹಕ್ಕು ಭಾರತಕ್ಕೆ ಇದೆ.

ಅಷ್ಟು ದೂರ ಹೋಗಲಾಗದವರು ಕುಂಸಿಯನ್ನು ನೆನೆಯಬಹುದು. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು. ಅದರ ಸುತ್ತ ಹಿಂದೆ ಮ್ಯಾಂಗನೀಸ್ ಅದಿರು ತೆಗೆಯುತ್ತಿದ್ದರು. ಅದು ಸಮುದ್ರದ ಗಂಟಲ್ಲ, ನೆಲದ ಅದಿರು. ಲೋಹ ಮಾತ್ರ ಅದೇ. ಇನ್ನು ಉರುಟು ಗಂಟನ್ನೇ ಕೈಯಲ್ಲಿ ಹಿಡಿದು ನೋಡಬೇಕು ಅಂದರೆ ಮಳೆ ನಿಂತ ಮೇಲೆ ಜಂಬಿಟ್ಟಿಗೆ ದಿಬ್ಬದ ಕಡೆ ಹೋಗಿ. ಮಣ್ಣು ತೊಳೆದುಹೋಗಿ ಕಬ್ಬಿಣದಂಶದ ಕೆಂಪು ಕರಿ ಉಂಡೆಗಳು ಕಾಲಡಿ ಸಿಗುತ್ತವೆ. ಕಡಲೆಕಾಳಿನಷ್ಟು ಇರುತ್ತವೆ, ನೆಲ್ಲಿಕಾಯಿಯಷ್ಟೂ ಇರುತ್ತವೆ. ಭೂವಿಜ್ಞಾನದವರು ಅವಕ್ಕೂ ನಾಡ್ಯೂಲ್ ಅಂತಲೇ ಬರೆಯುತ್ತಾರೆ.